ತಿರುಗಬೇಕು

ಬೀದಿಯವರೆಲ್ಲ ಅವರನ್ನು ಹೊದಿಕೆಯವರು ಎಂದೇ ಕರೆಯುತ್ತಿದ್ದರು. ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಮನೆ ಮನೆಗೆ ಹೋಗಿ ಹೊದಿಕೆ, ಚಾದರ ಮಾರುವುದು ಅವರ ಕಸುಬು. ಬಾಗಿಲು ಹಾಕಿಕೊಳ್ಳಲು ಬಂದವರನ್ನೂ ನಗಿಸಿ ಒಂದು ಚಾದರ ಕೊಳ್ಳುವಂತೆ ಮಾಡುವ ನಾಲಿಗೆ. ಲಕ್ವ ಹೊಡೆದ ಮೇಲೆ ಆ ನಾಲಿಗೆಯಲ್ಲಿ ಒಂದೇ ಒಂದು ಮಾತು ಉಳಿಯಿತು.

"ತಿರುಗ್ಬೇಕು."

ಆಸ್ಪತ್ರೆಯ ನರ್ಸ್ ಒಳ್ಳೆಯ ಹುಡುಗಿ. ತಾತ ಹಾಗೆಂದಾಗಲೆಲ್ಲ ಓಡಿ ಬಂದು ಮಗ್ಗುಲು ತಿರುಗಿಸುತ್ತಿದ್ದಳು. ಎಡಕ್ಕೆ ತಿರುಗಿಸಿದರೂ ಅದೇ ಮಾತು, ಬಲಕ್ಕೆ ತಿರುಗಿಸಿದರೂ ಅದೇ ಮಾತು. ಸಂಜೆ ಹೆಂಡತಿ ನೋಡಲು ಬಂದಾಗ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ದಿಂಬು ಒದ್ದೆಯಾಗಿತ್ತು. ತಾತನಿಗೆ ಎತ್ತ ಮಲಗಿದರೂ ಸರಿಹೋಗುವುದಿಲ್ಲ, ನನಗಂತೂ ಸೊಂಟ ಬಿದ್ದುಹೋಯಿತು ಎಂದು ನರ್ಸ್ ಗೋಳು ಹೇಳಿಕೊಂಡಳು.

"ಅದು ಮಗ್ಗುಲಲ್ಲಮ್ಮ," ಎಂದಳು ಹೆಂಡತಿ. "ಅದು ಅವರ ಕೆಲಸ."

ಆಮೇಲೆ ಆ ಮಾತು ಹುಟ್ಟಿದ ಕತೆಯನ್ನೂ ಹೇಳಬೇಕಾಯಿತು. ಮದುವೆ ಮಾತಿಗೆ ಬಂದ ದಲ್ಲಾಳಿ ಹುಡುಗನದ್ದು ತಿರುಗೋ ಕೆಲಸ ಎಂದಿದ್ದ. ಹೆಣ್ಣಿನ ಮನೆಯವರು ಯಾರೋ ದೊಡ್ಡ ಸಾಹೇಬ, ಜೀಪಿನಲ್ಲಿ ತಿರುಗುತ್ತಾನೆ ಎಂದುಕೊಂಡು ಹೂಂ ಎಂದುಬಿಟ್ಟರು. ಮದುವೆಯಾಗಿ ಬಂದ ಮೇಲೆ ಬೆಳಗ್ಗೆ ಸೈಕಲ್ಲಿಗೆ ಗಂಟು ಬಿಗಿಯುತ್ತಿದ್ದ ಗಂಡನನ್ನು ಕಂಡು ಅವಳಿಗೆ ಅಳು ಬಂದಿತ್ತು. ಆತನೋ ತಲೆ ಕೆರೆದುಕೊಂಡು, ದಲ್ಲಾಳಿ ಸುಳ್ಳೇನೂ ಹೇಳಿಲ್ವಲ್ಲ ಎಂದಿದ್ದ. ಅಳುತ್ತಿದ್ದವಳು ನಕ್ಕಳು. ಅಂದಿನಿಂದ ಅವರ ಮನೆಯಲ್ಲಿ ಮಾರುವುದಕ್ಕೆ ಹೋಗುವುದು ಅನ್ನುವ ಮಾತೇ ಇಲ್ಲ. ಅಪ್ಪ ತಿರುಗಲು ಹೋಗಿದ್ದಾರೆ ಎಂದೇ ಮಕ್ಕಳೂ ಕಲಿತರು.

ನರ್ಸ್ ಮೊದಲು ನಕ್ಕಳು, ಆಮೇಲೆ ಮಂಕಾದಳು. "ಹಾಗಾದ್ರೆ ಈಗ ನಾನೇನು ಮಾಡ್ಲಿ ಅಮ್ಮಾ?"

ಇವಳು ಗಂಡನ ಹೊದಿಕೆಯನ್ನು ಎಳೆದು ಸರಿಮಾಡಿದಳು. ಅರ್ಥ ತಿಳಿಯದಿದ್ದಾಗ ಮಗ್ಗುಲಾದರೂ ಬದಲಿಸಬಹುದಿತ್ತು.

ಮರುದಿನ ಇಬ್ಬರೂ ಹೆಂಗಸರು ಡಾಕ್ಟರನ್ನು ಕಾಡಿಬೇಡಿ ವೀಲ್‌ಚೇರ್ ತರಿಸಿದರು. ಹೆಂಡತಿಯೇ ತಳ್ಳಿಕೊಂಡು ವರಾಂಡಕ್ಕೆ ಹೊರಟಳು. ಮೊದಲ ಕೋಣೆಯ ಬಾಗಿಲು ಬಂದದ್ದೇ ತಡ, ಅವರ ಎಡಗೈ ಚೌಕಟ್ಟಿಗೆ ಹೋಯಿತು, ಬೆರಳು ಟಕ್ ಟಕ್ ಎಂದವು. ಒಳಗಿದ್ದವನು ನಿಮ್ಮ ವಾರ್ಡ್ ಇದಲ್ಲ ಎಂದ. ಅವರು ಚೌಕಟ್ಟಿನಿಂದ ಕೈ ತೆಗೆಯಲಿಲ್ಲ. ಗಿರಾಕಿ ಮೊದಲ ಸಲ ಅಂದ ಬೇಡ, ಬೇಡವೇ ಅಲ್ಲ ಎಂಬುದು ಅವರ ಲೆಕ್ಕ. ಕಣ್ಣು ಹೊಳೆಯುತ್ತಿದ್ದವು, ಸೊಟ್ಟಗಾದ ಬಾಯಿ ಏನನ್ನೋ ಜೋಡಿಸುತ್ತಿತ್ತು. ಎಷ್ಟೋ ದಿನಗಳ ಮೇಲೆ ತನ್ನ ಗಂಡನ ಮುಖ ನೋಡಿದಂತಾಯಿತು ಅವಳಿಗೆ.

ಮುಂದಿನ ಬಾಗಿಲಲ್ಲಿ ರೋಗಿಯ ಕಡೆಯ ಒಬ್ಬ ಹೆಂಗಸು ಎದ್ದು ಬಂದಳು. ಜೋಲುತ್ತಿದ್ದ ತುಟಿಯನ್ನೂ ಚಾಚಿದ್ದ ಕೈಯನ್ನೂ ನೋಡಿ, ಒಳಗಿನಿಂದ ಒಂದು ಕಿತ್ತಳೆ ತಂದು ಅಂಗೈಯಲ್ಲಿಟ್ಟಳು.

"ಇಟ್ಕೊಳ್ಳಿ ತಾತ. ಚಿಲ್ಲರೆ ಇಲ್ಲ."

ಇವರು ಬೇಡಲು ಬಂದವರಲ್ಲ ಎನ್ನಬೇಕೆಂದು ಹೆಂಡತಿ ಬಾಯಿ ತೆರೆದಳು. ಮತ್ತೇಕೆ ಬಂದಿರಿ ಎಂದು ಕೇಳಿದರೆ? ಮಾರಲು ಬಂದಿದ್ದೇವೆ ಎನ್ನೋಣವೆಂದರೆ ಮಡಿಲಲ್ಲಿ ಸರಕಿಲ್ಲ. ಕೊನೆಗೆ, ಒಳ್ಳೇದಾಗ್ಲಮ್ಮ ಎಂದು ಕುರ್ಚಿಯನ್ನು ಹಿಂದಕ್ಕೆಳೆದಳು.

ಅವರು ಹಣ್ಣನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಬೆರಳು ಸಡಿಲವಾಯಿತು. ಹಣ್ಣು ಉರುಳಿಕೊಂಡು ಹೋಯಿತು. ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ.

ಅಂದಿನಿಂದ ಅವರು ಆ ಮಾತನ್ನೂ ಬಿಟ್ಟರು. ತಾತ ಈಗ ಎಷ್ಟು ಸಮಾಧಾನವಾಗಿದ್ದಾರೆ ನೋಡಿ ಎಂದು ನರ್ಸ್ ಸಂತೋಷಪಟ್ಟಳು. ಹೆಂಡತಿ ತಲೆಯಾಡಿಸಿದಳು. ನರ್ಸ್ ಅತ್ತ ಹೋದ ಮೇಲೆ ಅವರ ಕಿವಿಯ ಹತ್ತಿರ ಬಾಗಿ, "ತಿರುಗ್ಬೇಕೇನ್ರೀ?" ಎಂದು ಕೇಳಿದಳು. ಅವರು ಯಾವುದೋ ಹೊಸ ಮಾತು ಕೇಳಿದವರಂತೆ ಅವಳನ್ನೇ ನೋಡಿ ಕಣ್ಣು ಮುಚ್ಚಿಕೊಂಡರು.

ಅವಳು ಸೆರಗಿನಿಂದ ಅವರ ಗಲ್ಲ ಒರೆಸಿದಳು. ಮತ್ತೊಮ್ಮೆ ಕೇಳುವ ಧೈರ್ಯವಾಗಲಿಲ್ಲ.