ರಖಾಲ್ ಇದ್ದ ಜಾಗ

ನಾನು ಒಂದು ಜಿಪಿಎಸ್ ಯಂತ್ರ. ಅಂಗೈಯಷ್ಟು ಮೈ, ಹಳದಿ ಹೊದಿಕೆ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಹೆತ್ತವರು ಯಾರೆಂದು ಕೇಳಬೇಡಿ. ನಿಂತ ಜಾಗ ಯಾವುದೆಂದು ಉಪಗ್ರಹಗಳಿಂದ ತಿಳಿದು ಹೇಳುವುದು ನನ್ನ ಕಸುಬು. ಮೊದಲು ರಸ್ತೆ ಅಳೆಯುವವನೊಬ್ಬನ ಜೇಬಿನಲ್ಲಿ ತಂಬಾಕಿನ ಘಾಟು ಕುಡಿದು ಬಾಳಿದೆ. ಅವನು ಮಾರಿದ ಮೇಲೆ ಗದಗಿನ ನೀಲಗಂಗಾಳ ಕೊರಳಿಗೆ ಬಿದ್ದೆ.

ನೀಲಗಂಗಾ ಮರಗಳ ವಿಜ್ಞಾನಿ. ಹಿಮಾಚಲದ ಒಂದು ಕಣಿವೆಗೆ ನನ್ನನ್ನು ಕರೆದೊಯ್ದಳು. ಅಲ್ಲಿ ರಖಾಲ್ ಎಂಬ ಸೂಜಿಯೆಲೆಯ ಮರದ ತೊಗಟೆಯನ್ನು ಔಷಧಿಗೆಂದು ಸುಲಿದು ಸುಲಿದು ಮುಗಿಸಿಬಿಟ್ಟಿದ್ದರು. ಮೇಲಿನ ಕಾಡಿನಲ್ಲಿ ಕಾಯಿ ಬಿಡುವ ಮರ ಒಂದೇ ಉಳಿದಿತ್ತು. ಅದರ ಬೀಜದಿಂದ ಅವಳು ಸಸಿ ಎಬ್ಬಿಸಿದಳು. ಮುಂದಿನ ಚಳಿಗಾಲ ಹಿಮ ಕುಸಿದು ಆ ತಾಯಿಮರವೂ ಹೋಯಿತು. ಇನ್ನು ಆ ಸಸಿಗಳೇ ಗತಿ.

ಅವುಗಳನ್ನು ಎಲ್ಲಿ ನೆಡಬೇಕು? ರಖಾಲ್ ಬದುಕಿರುವ ಜಾಗಗಳನ್ನೆಲ್ಲ ನಾನು ಗುರುತಿಸಬೇಕು. ಅಲ್ಲಿನ ಬಿಸಿಲು, ಮಳೆ, ಇಳಿಜಾರು ನೋಡಿ ಕಂಪ್ಯೂಟರು ಅಂಥವೇ ಜಾಗಗಳನ್ನು ನಕ್ಷೆಯಲ್ಲಿ ತೋರಿಸಬೇಕು. ದಾರಿ ತೋರಿಸಲು ಊರಿನ ಬಿಮಲಾ ಬಂದಳು. ಮೇಲಿನ ಕಾಡಿನಲ್ಲಿ ಅಲೆದಲೆದು ಸಿಕ್ಕಿದ್ದು ಬೆರಳೆಣಿಕೆಯಷ್ಟು. ಕೆಳಗೆ, ಬಿಸಿಲು ಬಡಿಯುವ ಇಳಿಜಾರಿನಲ್ಲಿ, ಊರದೇವಿಯ ಗುಡಿ ಸುತ್ತ ಮಾತ್ರ ಒಂದು ತೋಪೇ ಇತ್ತು. ಕಾಯಿ ಬಿಡದಿದ್ದರೂ ಮರಗಳು ಹಸಿರಾಗಿದ್ದವು. ನೀಲಗಂಗಾ ನನ್ನ ಗುಂಡಿ ಒತ್ತಿದ್ದೇ ಒತ್ತಿದ್ದು.

ನಕ್ಷೆ ಆ ಬಿಸಿಲಿನ ಇಳಿಜಾರನ್ನೇ ತೋರಿಸಿತು. ಸಸಿಗಳನ್ನೆಲ್ಲ ಅಲ್ಲೇ ನೆಟ್ಟರು.

ಬೇಸಿಗೆ ಹತ್ತಿರವಾದಾಗ ಬಿಮಲಾ, "ನೀರು ತಂದು ಹಾಕಲಾ?" ಎಂದಳು. ಅವರು ಆಡುತ್ತಿದ್ದುದು ಹಿಂದಿ. ನೀಲಗಂಗಾಳ ಹಿಂದಿ ಮಾತ್ರ ನನ್ನ ಕಿವಿಗೆ ಗದಗಿನದೇ.

"ಬ್ಯಾಡವಾ. ಕಾಡಿನ ಗಿಡಕ್ಕ ನೀರು ಯಾರ ಹಾಕ್ತಾರ? ತಮ್ಮ ಕಾಲ ಮ್ಯಾಲೆ ತಾವು ನಿಲ್ಲಬೇಕು."

ಬಿಮಲಾ ಕೊಡ ಎತ್ತಿಕೊಂಡು ಹೊರಟಳು. ಓದಿದವರು ಹೇಳಿದ ಮೇಲೆ ಮುಗಿಯಿತು.

ಮಳೆ ಬರುವ ಮೊದಲೇ ಸಸಿಗಳೆಲ್ಲ ಒಣಗಿ ಕಂದಾದವು. ನೀಲಗಂಗಾ ಒಂದೊಂದನ್ನೂ ಉಗುರಿನಿಂದ ಕೆರೆದು ನೋಡಿದಳು. ಎಲ್ಲೂ ಹಸಿರಿರಲಿಲ್ಲ. ಅಲ್ಲಿನ ಮರಗಳು ಹೇಗಿವೆ ನೋಡಲು ಗುಡಿಯತ್ತ ನಡೆದಳು. ಅಲ್ಲಿ ಬಿಮಲಾ ಕೊಡದಿಂದ ಒಂದು ರಖಾಲ್‌ನ ಬುಡಕ್ಕೆ ನೀರು ಸುರಿಯುತ್ತಿದ್ದಳು.

"ಇದ್ಯಾಕ?"

"ಹೆಣ್ಣು ಮಗು ಹುಟ್ಟಿದರೆ ಮೇಲಿನ ಕಾಡಿನಿಂದ ಸಸಿ ತಂದು ಇಲ್ಲಿ ನೆಡುತ್ತೇವೆ. ಮಗಳ ಮದುವೆಯಾಗುವವರೆಗೆ ತಾಯಿ ನೀರು ಹೊರಬೇಕು. ಅಷ್ಟು ಹೊತ್ತಿಗೆ ಬೇರು ಒರತೆ ಮುಟ್ಟಿರುತ್ತದೆ."

"ನನಗ್ಯಾಕ ಹೇಳಲಿಲ್ಲ?"

"ಮರ ಎಲ್ಲಿದೆ ಅಂತ ಕೇಳಿದಿರಿ. ತೋರಿಸಿದೆ."

ನೀಲಗಂಗಾ ನನ್ನನ್ನು ಕೈಗೆತ್ತಿಕೊಂಡಳು. ಆ ಕಾಡಿನ ಕೊನೆಯ ಬೀಜ ಅವಳ ಕೈಯಲ್ಲೇ ತೀರಿತ್ತು. ಅವಳ ಕಣ್ಣೀರು ನನ್ನ ಪರದೆಯ ಮೇಲೆ ಬಿತ್ತು. ನನಗೂ ಅಳು ಬಂದಿತ್ತು, ಕಣ್ಣಿರಲಿಲ್ಲ.

ಆಮೇಲೆ, ನೀರು ಹೊತ್ತು ಬೆಳೆಸಿದವು ನಕ್ಷೆಯ ಲೆಕ್ಕಕ್ಕಿಲ್ಲವೆಂದು, ಗುಡಿಯ ಮರಗಳ ಗುರುತುಗಳನ್ನು ನನ್ನಿಂದ ಒಂದೊಂದಾಗಿ ಅಳಿಸಿದಳು. ಕೊನೆಯದು ಬಿಮಲಾ ನೀರು ಹಾಕುತ್ತಿದ್ದ ಮರದ್ದು. ಅದಕ್ಕೆ ಬಂದಾಗ, "ಇದು ಯಾರದು?" ಎಂದಳು.

"ನನ್ನ ಮೀನಾದು. ಮೂರು ವರ್ಷದವಳಿದ್ದಾಗಲೇ ಜ್ವರಕ್ಕೆ ಹೋದಳು. ಮದುವೆ ಎಲ್ಲಿಂದ? ನೀರು ಹೊರುತ್ತಲೇ ಇದ್ದೇನೆ."

ನೀಲಗಂಗಾಳ ಹೆಬ್ಬೆರಳು ಅಲ್ಲೇ ನಿಂತಿತು. ಊರು ಬಿಡುವ ದಿನ ನನ್ನನ್ನು ಬಿಮಲಾಳ ಕೈಗಿಟ್ಟು ಹೋದಳು.

ಈಗ ನಾನು ಬಿಮಲಾಳ ಮನೆಯ ಗೂಡಿನಲ್ಲಿ, ದೀಪದೆಣ್ಣೆ ಸೀಸೆಯ ಪಕ್ಕ ಬಿದ್ದಿದ್ದೇನೆ. ಪರದೆ ಸತ್ತಿದೆ. ಎಲ್ಲಿ ಎನ್ನುವುದಷ್ಟೇ ಬಲ್ಲವನು ನಾನು. ಹೇಗೆ ಬದುಕಿತು ಎಂದು ನನ್ನನ್ನು ಯಾರೂ ಕೇಳಲಿಲ್ಲ, ಕೇಳಿದ್ದರೂ ಗೊತ್ತಿರಲಿಲ್ಲ. ಗುಡಿಯ ಮರಗಳಲ್ಲಿ ಒಂದರ ಗುರುತು ಮಾತ್ರ ಒಳಗೆ ಉಳಿದಿದೆ. ಬೆಳಗಾದರೆ ಬಿಮಲಾ ಕೊಡ ಎತ್ತಿಕೊಂಡು ಅಲ್ಲಿಗೇ ಹೋಗುತ್ತಾಳೆ.