ಮೆಕ್ಯಾನಿಕ್ ಹತ್ತದ ವಿಮಾನ

ನಾನು ವಿಮಾನದ ಎಂಜಿನ್ ಮೆಕ್ಯಾನಿಕ್. ಭಾಮೈದನ ಹೊಸ ಮನೆ ನೋಡಲು ಎಲ್ಲರೂ ವಿಮಾನದಲ್ಲಿ ಹೊರಟರೆ, ನಾನೊಬ್ಬ ರೈಲಿಗೆ ಟಿಕೆಟ್ ತೆಗೆಸಿದೆ. ಅದನ್ನು ಹೇಳಿದ ಗಳಿಗೆಯಿಂದ ಅತ್ತೆ ತಟ್ಟೆಯಲ್ಲಿ ಅನ್ನ ಬಿಟ್ಟೇ ಏಳತೊಡಗಿದರು. ಹೆಂಡತಿ ಮಗಳನ್ನು ಕಂಕುಳಿನಿಂದ ಕೆಳಗಿಳಿಸಲಿಲ್ಲ. ಹೊರಡುವ ಬೆಳಿಗ್ಗೆ ಬಾಗಿಲಲ್ಲಿದ್ದ ಸೂಟ್‌ಕೇಸನ್ನೂ ಯಾರೂ ಮುಟ್ಟಲಿಲ್ಲ.

ಕೊನೆಗೆ ಅತ್ತೆ ನನ್ನ ಕೈ ಹಿಡಿದರು.

"ರಿಪೇರಿ ಮಾಡೋ ನೀವೇ ಹತ್ತಲ್ಲ ಅಂದ್ರೆ, ಎಂಜಿನ್ನಲ್ಲಿ ಏನೋ ಐಬಿದೆ. ಮುಚ್ಚಿಡಬೇಡಿ, ಅಳಿಯಂದ್ರೆ."

"ಎಂಜಿನ್ ಗಟ್ಟಿಯಾಗಿದೆ ಅತ್ತೆ, ನಾನೇ ನೋಡಿದೀನಿ. ಅದು ಉಗುಳೋ ಹೊಗೆ ಕಂಡ್ರೆ ನನಗೆ ಭಯ. ಅಂಥಾ ಹೊಗೆಯಿಂದ್ಲೇ ವರ್ಷ ವರ್ಷ ಸೆಖೆ ಏರ್ತಿದೆ. ಹೋದ ಬೇಸಿಗೇಲಿ ನಾವು ಕೆಲಸ ಮಾಡೋ ಜಾಗದ ಟಾರು ಕರಗಿ ಬೂಟಿಗೆ ಅಂಟ್ಕೊಳ್ತು. ಇವಳು ದೊಡ್ಡೋಳಾಗೋ ಹೊತ್ತಿಗೆ ಮನೆಯಿಂದ ಹೊರಗೆ ಕಾಲಿಡೋಕಾಗುತ್ತೋ ಇಲ್ವೋ."

ಅತ್ತೆ ಎದೆ ಮೇಲೆ ಕೈಯಿಟ್ಟು ದೊಡ್ಡ ಉಸಿರು ಬಿಟ್ಟರು.

"ಅಷ್ಟೇನಾ? ಸುಮ್ನೆ ಜೀವ ಬಾಯಿಗೆ ತಂದ್ರಿ."

ಹೆಂಡತಿ ನಕ್ಕಳು. ಸೂಟ್‌ಕೇಸು ಗಡಗಡ ಉರುಳಿತು. ಮಗಳು ಅಮ್ಮನ ಹೆಗಲ ಮೇಲಿಂದ ನನಗೆ ಟಾಟಾ ಮಾಡಿದಳು. ಬಿಸಿಲು ಇನ್ನೂ ಬಾಗಿಲಿಗೆ ಬಂದಿರಲಿಲ್ಲ. ಅವಳ ಹಣೆಯಲ್ಲಿ ಆಗಲೇ ಬೆವರು ಹನಿಗಟ್ಟಿತ್ತು.