ಅಕ್ಕನ ಮಣ್ಣು, ಭಾವನ ಬಟ್ಟೆ

ಲಾರಿ ಗೇಟಿನ ಮುಂದೆ ಬಂದು ನಿಂತಾಗಲೂ ತಂಗಿ ಅಕ್ಕನ ನರ್ಸರಿಯ ಗಾಜಿನ ಮನೆಯೊಳಗೆ ಮಂಡಿಯೂರಿ ಮಣ್ಣು ಕೆದಕುತ್ತಲೇ ಇದ್ದಳು. ನಾಲ್ಕನೇ ಬಟ್ಟೆಯ ತುಂಡು ಸಿಕ್ಕಿತು. ಕೊಡವಿ ನೋಡಿದರೆ, ಅಯ್ಯೋ, ಇದೂ ಅಷ್ಟೇ! ಎರಡು ತಿಂಗಳು ಹೂತಿಟ್ಟರೂ ಒಂದು ಎಳೆ ಹರಿದಿಲ್ಲ, ಒಂದು ತೂತು ಬಿದ್ದಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ತಂಗಿ ಮಾತ್ರ ತುಂಡನ್ನು ಮತ್ತೆ ಬೆಳಕಿಗೆ ಹಿಡಿದು ತೂತು ಹುಡುಕಿದಳು. ಅವಳು ಮಣ್ಣು ಪರೀಕ್ಷೆಯ ಲ್ಯಾಬಿನವಳು. ಮನೆಮಂದಿ ಕರೆಯುವುದೇ ಮಣ್ಣಮ್ಮ ಎಂದು. ಮಣ್ಣಿನಲ್ಲಿ ಜೀವವಿದ್ದರೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹತ್ತಿ ಬಟ್ಟೆಯನ್ನು ತಿಂದು ಚಿಂದಿ ಮಾಡುತ್ತವೆ. ಬಟ್ಟೆ ಹಾಗೇ ಉಳಿದಿದೆ ಎಂದರೆ ತಿನ್ನುವವರೇ ಇಲ್ಲ ಎಂದರ್ಥ.

ಇಲ್ಲದಂತೆ ಮಾಡಿದವಳೂ ಅವಳೇ. ಅಕ್ಕನ ನರ್ಸರಿಯ ಸಸಿಗಳಿಗೆ ಬೇರುಕೊಳೆ ರೋಗ ಬಂದಾಗ, "ಸಸಿಮಡಿಗೆ ಅರ್ಧ ಗಂಟೆ ಬಿಸಿ ಆವಿ ಹಾಯಿಸೋಣ, ರೋಗ ಸತ್ತುಹೋಗುತ್ತೆ" ಎಂದು ಎಲ್ಲ ತಿಳಿದವಳ ಹಾಗೆ ಹೇಳಿದ್ದಳು. ಥರ್ಮಾಮೀಟರ್ ಚುಚ್ಚಿದ್ದೆಲ್ಲಿ? ತಣ್ಣೀರಿನ ಪೈಪಿನ ಪಕ್ಕದಲ್ಲಿ! ಅದು ಏರಲೊಲ್ಲದು, ಇವಳು ನಿಲ್ಲಿಸಲೊಲ್ಲಳು. ಒಮ್ಮೆ ಕೈಯಿಟ್ಟು ನೋಡಬಾರದಿತ್ತೇ? ಅದೂ ಇಲ್ಲ. ನಾಲ್ಕು ಗಂಟೆ ಹೊತ್ತು ಮಣ್ಣನ್ನು ಬೇಯಿಸಿಬಿಟ್ಟಳು.

ಇಪ್ಪತ್ತೆರಡು ವರ್ಷ ಎಲೆಗೊಬ್ಬರ ಹಾಕಿ ಅಕ್ಕ ಮಗುವಿನಂತೆ ಸಾಕಿದ ಮಣ್ಣು ಅದು. ಆಮೇಲೆ ನೆಟ್ಟ ಸಸಿಗಳೆಲ್ಲ ಹಳದಿಯಾಗಿ ಮಲಗಿದವು. ತಂಗಿ ಆವಿ ತಗಲದ ಪಕ್ಕದ ಮಡಿಯಿಂದ ಎರಡು ಬುಟ್ಟಿ ಮಣ್ಣು ತಂದು ಬೆರೆಸಿ, ಅಕ್ಕನ ಕೈ ಹಿಡಿದುಕೊಂಡಳು.

"ಈಗ ಇದು ಖಾಲಿ ಬಸ್ಸಿದ್ದ ಹಾಗೆ ಅಕ್ಕ. ಮೊದಲು ಹತ್ತಿದವರಿಗೇ ಸೀಟು. ರೋಗ ಹತ್ತೋ ಮುಂಚೆ ಒಳ್ಳೆಯವರನ್ನ ಹತ್ತಿಸೋಣ. ಒಬ್ಬರ ಹಿಂದೆ ಒಬ್ಬರು ಬರ್ತಾರೆ. ಎರಡು ತಿಂಗಳು ಕೊಡು."

ಅಕ್ಕ ಕೊಟ್ಟಳು. ಆ ಗಡುವು ಇವತ್ತಿಗೆ ಮುಗಿದಿತ್ತು. ಮಡಿಯಲ್ಲಿ ಹೂತ ನಾಲ್ಕು ತುಂಡು ಬಟ್ಟೆ ಕರಗಿರದಿದ್ದರೆ ಮಣ್ಣೆಲ್ಲ ಅಗೆದು ಸಾಗಿಸುವುದು ಎಂದು ಮಾತಾಗಿತ್ತು.

"ತುಂಬೋಣ್ವಾ ಅಮ್ಮಾ?" ಲಾರಿಯವನು ಗೇಟಿನಿಂದಲೇ ಕೂಗಿದ.

"ಐದು ನಿಮಿಷ ತಡಿಯಪ್ಪ" ಎಂದಳು ಅಕ್ಕ. ತಂಗಿಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹೋಲಿಸಿ ನೋಡಲೆಂದು ತಂಗಿ ಪಕ್ಕದ ಮಡಿಯಲ್ಲೂ ಒಂದು ತುಂಡು ಹೂತಿದ್ದಳು. ದಾಖಲೆಗಾದರೂ ಇರಲಿ ಎಂದು ಅದನ್ನೂ ಕಿತ್ತಳು. ಎರೆಹುಳುಗಳು ಗಿಜಿಗುಡುವ ಮಣ್ಣು. ಬಟ್ಟೆ ಮಾತ್ರ ಒಗೆದು ಇಸ್ತ್ರಿ ಹಾಕಿದರೆ ಇವತ್ತೇ ಉಟ್ಟುಕೊಳ್ಳಬಹುದು, ಹಾಗಿತ್ತು!

"ಇಲ್ಲೂ ತಿಂದಿಲ್ವಾ? ಸಾಧ್ಯವೇ ಇಲ್ಲ. ಅಕ್ಕಾ, ಭಾವನ್ನ ಕರಿ!"

ಬಟ್ಟೆ ಕತ್ತರಿಸಿ ಕೊಟ್ಟದ್ದು ಟೈಲರ್ ಭಾವ. ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದರು.

"ಭಾವ, ಇದು ಹತ್ತಿ ಬಟ್ಟೆ ತಾನೆ?"

"ಹತ್ತಿನಾ? ಛೆ ಛೆ! ಹತ್ತಿ ಮಣ್ಣಲ್ಲಿ ಕೊಳೆತುಹೋಗಲ್ವಾ? ನಾದಿನಿ ಅಪರೂಪಕ್ಕೆ ಬಿಳಿ ಬಟ್ಟೆ ಕೇಳಿದ್ದಾಳೆ, ಮಣ್ಣಲ್ಲಿ ಹೂಳ್ತೀನಿ ಬೇರೆ ಅಂತಾಳೆ. ನನ್ನ ಮರ್ಯಾದೆ ಹೋಗಬಾರದು ಅಂತ ಹುಡುಕಿ ಹುಡುಕಿ ಪಾಲಿಯೆಸ್ಟರ್ ಕೊಟ್ಟೆ. ನೋಡು, ಹೇಗಿದೆ!"

ತಂಗಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹತ್ತಿ ಎಂದು ಅವಳು ಬಾಯಿಬಿಟ್ಟು ಹೇಳಿರಲೇ ಇಲ್ಲ.

"ಹಾಗಾದ್ರೆ ಮಣ್ಣಲ್ಲಿ ಜೀವ ಇದ್ಯೋ ಇಲ್ವೋ?" ಅಕ್ಕ ಕೇಳಿದಳು.

"ಗೊತ್ತಿಲ್ಲ ಅಕ್ಕ. ಇದರಿಂದ ಏನೂ ಹೇಳೋಕಾಗಲ್ಲ."

ಭಾವ ತುಂಡುಗಳನ್ನು ಹಿಂದೆ ಮುಂದೆ ತಿರುಗಿಸಿ ಮುಖ ಸಿಂಡರಿಸಿದರು. "ಒಂದೊಂದಕ್ಕೂ ನಂಬರಿನ ಪಟ್ಟಿ ಹೊಲಿದಿದ್ನಲ್ಲ, ಎಲ್ಲಿ?"

"ಅಗೆಯೋವಾಗ ಉದುರಿಹೋದ್ವು."

"ಐದೂನಾ? ಓಹೋ, ಅವಸರಕ್ಕೆ ಕಚ್ಚಾ ಹೊಲಿಗೆ ಹಾಕಿದ್ದೆ. ಆ ದಾರ ಮಾತ್ರ ಅಪ್ಪಟ ಹತ್ತಿ, ನೋಡು."

ತಂಗಿ ಗಬಕ್ಕನೆ ಜೇಬಿನಿಂದ ಭೂತಗನ್ನಡಿ ತೆಗೆದಳು. ಬಟ್ಟೆಯ ಮೇಲೆ ಸೂಜಿಯ ತೂತುಗಳು ಸಾಲಾಗಿದ್ದವು, ದಾರವಿರಲಿಲ್ಲ. ಒಂದು ತೂತಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ಚೂರು ಸಿಕ್ಕಿಕೊಂಡಿತ್ತು. ಅದರ ಸುತ್ತ ಬೂಷ್ಟಿನ ಬಿಳಿ ಎಳೆಗಳು ಹಬ್ಬಿದ್ದವು. ಉಗುರು ತಾಗಿಸಿದರೆ ಪುಡಿಯಾಯಿತು. ಬೇಯಿಸಿದ ಮಡಿಯ ನಾಲ್ಕು ತುಂಡುಗಳಲ್ಲೂ ಅದೇ ಕತೆ.

"ತಿಂದಿವೆ! ಅಕ್ಕಾ, ತಿಂದಿವೆ ಕಣೇ! ಪಾಪ, ಬಾಯಿಗೆ ಹತ್ತೋದು ಅಷ್ಟೇ ಇತ್ತು, ಅಷ್ಟನ್ನೂ ಬಿಡದೆ ತಿಂದಿವೆ!"

ಅಕ್ಕ ಗೇಟಿನ ತನಕ ನಡೆದುಹೋದಳು. "ಲಾರಿ ತಿರುಗಿಸ್ಕೋಪ್ಪ. ನಮ್ಮ ಮಣ್ಣು ಎಲ್ಲಿಗೂ ಬರಲ್ಲ!" ಎಂದು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ವಾಪಸು ಬಂದು, ಎರಡು ತಿಂಗಳಿಂದ ಮುಟ್ಟದಿದ್ದ ಮಣ್ಣನ್ನು ಬೊಗಸೆಯಲ್ಲಿ ತೆಗೆದುಕೊಂಡು ಮೂಸಿದಳು.

ತಂಗಿ ಮಡಿಯ ಮೇಲೆ ಬಾಗಿ ಬಿಕ್ಕುತ್ತಿದ್ದಳು. "ನಿನ್ನ ಮಣ್ಣನ್ನ ನಾನೇ ಕೊಂದೆ ಅಂದ್ಕೊಂಡಿದ್ದೆ ಅಕ್ಕ. ಅನ್ನ ಗಂಟಲಲ್ಲಿ ಇಳೀತಿರಲಿಲ್ಲ."

"ಏಯ್ ಮಣ್ಣಮ್ಮ, ಅಳೋದಾದ್ರೆ ಆಚೆ ಹೋಗಿ ಅಳು" ಎಂದಳು ಅಕ್ಕ. "ಉಪ್ಪುನೀರು ಮಣ್ಣಿಗೆ ಆಗಲ್ಲ."

ಹಾಗೆಂದವಳೇ ಸೆರಗಿನಿಂದ ಮುಖ ಮುಚ್ಚಿಕೊಂಡು, ತಂಗಿಗಿಂತ ಮೊದಲು ಆಚೆ ಓಡಿದಳು.